ನಗರಗಳಲ್ಲಿ ದೇಶೀಯ ಮರಗಳ ಕ್ಷೀಣತೆ: ಕಾರಣಗಳ ಅವಲೋಕನ – ಬೆಂಗಳೂರಿನ ನಿದರ್ಶನ

ಪೀಠಿಕೆ

ಆಲ, ಅರಳಿ, ಅತ್ತಿ, ಗೋಣಿ, ಹೊಂಗೆ, ಬೇವು, ನೇರಳೆ, ಮಾವು, ಹಲಸು, ಇಪ್ಪೆ ಮುಂತಾದ ಮರಗಳು ದಕ್ಷಿಣ ಕರ್ನಾಟಕದ ಬಯಲುಸೀಮೆಯ ಸಹಜ ವೃಕ್ಷ ಸಂಪತ್ತು. ಊರ ಮುಂದಿನ ಅರಳಿಕಟ್ಟೆ, ಕೆರೆಯ ಏರಿಯ ಮೇಲಿನ ಆಲ, ಹೊಲದ ಬದುವಿನ ಹೊಂಗೆ ಹಾಗೂ ಗ್ರಾಮದ ಅಂಚಿನ ಗುಂಡುತೋಪು ಇವೆಲ್ಲವೂ ಶತಮಾನಗಳಿಂದ ಜನಜೀವನದ ಅಂಗವಾಗಿ ಬೆಳೆದು ಬಂದಿವೆ. ಇಂದು ಈ ಗ್ರಾಮಗಳಲ್ಲಿ ಹಲವು ನಗರದ ಒಳಗೆ ಸೇರಿಹೋಗಿವೆ. ಗ್ರಾಮದ ಹೆಸರು ಬಡಾವಣೆಯ ಹೆಸರಾಗಿ ಉಳಿದಿದ್ದರೂ ಗ್ರಾಮದ ಮರಗಳು ಅದೇ ಪ್ರಮಾಣದಲ್ಲಿ ಉಳಿದಿಲ್ಲ.

ನಗರಗಳಲ್ಲಿ ಪ್ರತಿ ವರ್ಷ ಮಳೆಗಾಲದ ಆರಂಭದಲ್ಲಿ ದೊಡ್ಡ ಸಂಖ್ಯೆಯಲ್ಲಿ ಸಸಿಗಳನ್ನು ನೆಡಲಾಗುತ್ತದೆ. ಆದ್ದರಿಂದ ಕಡಿದ ಮರಗಳ ನಷ್ಟ ಕಾಲಕ್ರಮದಲ್ಲಿ ತುಂಬಿಬರುತ್ತದೆ ಎಂಬ ಭಾವನೆ ಸಾಮಾನ್ಯವಾಗಿದೆ. ಸಸಿಗಳ ಸಂಖ್ಯೆಯೊಂದನ್ನೇ ಗಮನಿಸಿದಲ್ಲಿ ಇದು ಸರಿಯೆಂದು ತೋರಬಹುದು. ಆದರೆ ಯಾವ ಜಾತಿಯ ಮರ ಹೋಯಿತು, ಅದರ ಸ್ಥಾನದಲ್ಲಿ ಯಾವ ಜಾತಿಯ ಸಸಿ ಬಂದಿತು, ಆ ಸಸಿಗೆ ಬೆಳೆಯಲು ಎಷ್ಟು ಮಣ್ಣು ದೊರೆಯಿತು ಎಂಬ ಪ್ರಶ್ನೆಗಳನ್ನು ಕೇಳಿದಾಗ ಚಿತ್ರ ಬೇರೆಯಾಗುತ್ತದೆ. ಈ ಲೇಖನದಲ್ಲಿ ಬೆಂಗಳೂರು ನಗರವನ್ನು ಮುಖ್ಯ ನಿದರ್ಶನವಾಗಿ ಇಟ್ಟುಕೊಂಡು, ದೇಶೀಯ ಮರಗಳ ಕ್ಷೀಣತೆಯ ಕಾರಣಗಳನ್ನು ವಿಶ್ಲೇಷಿಸಲಾಗಿದೆ.

ದೇಶೀಯ ಮರ ಎಂದರೆ ಯಾವುದು?

ಒಂದು ಪ್ರದೇಶದಲ್ಲಿ ಮನುಷ್ಯನ ನೆರವಿಲ್ಲದೆ ಹುಟ್ಟಿ ಬೆಳೆದು ಬಂದ ಜಾತಿಗಳನ್ನು ದೇಶೀಯ ಜಾತಿಗಳೆಂದು ಕರೆಯಲಾಗುತ್ತದೆ. ಈ ವಿಂಗಡಣೆಯಲ್ಲಿ ಸ್ವಲ್ಪ ಎಚ್ಚರಿಕೆ ಅಗತ್ಯ. ಹುಣಸೆ ಮರವು ಮೂಲತಃ ಆಫ್ರಿಕಾ ಖಂಡದ್ದು. ಆದರೂ ಬಹು ಪ್ರಾಚೀನ ಕಾಲದಲ್ಲಿಯೇ ಭಾರತಕ್ಕೆ ಬಂದು ಇಲ್ಲಿಯ ಹವೆ, ಮಣ್ಣು ಮತ್ತು ಅಡುಗೆಮನೆಗೆ ಒಗ್ಗಿಹೋಗಿರುವುದರಿಂದ ಗುಂಡುತೋಪಿನ ಮರಗಳ ಸಾಲಿನಲ್ಲಿಯೇ ಅದನ್ನು ಪರಿಗಣಿಸುವುದು ರೂಢಿ. ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದಿಂದಲೂ, ಮಳೆಮರ, ಜಕರಂಡ ಮತ್ತು ಟಬೂಬಿಯಾ ದಕ್ಷಿಣ ಹಾಗೂ ಮಧ್ಯ ಅಮೆರಿಕದಿಂದಲೂ ಬಂದವು. ಕಾಫಿ ತೋಟಗಳಲ್ಲಿಯೂ ನಗರದ ಬೇಲಿ ಸಾಲುಗಳಲ್ಲಿಯೂ ಕಾಣುವ ಸಿಲ್ವರ್ ಓಕ್ ಮರವು ಆಸ್ಟ್ರೇಲಿಯಾದ್ದು. ಹೆಸರಿನಲ್ಲಿ ಓಕ್ ಇದ್ದರೂ ಅದು ಓಕ್ ಕುಟುಂಬಕ್ಕೆ ಸೇರಿದ ಮರವಲ್ಲ.

ಹೊರಗಿನಿಂದ ಬಂದ ಮರಗಳೆಲ್ಲವೂ ನಿರುಪಯುಕ್ತವೆಂದು ಹೇಳಲಾಗದು. ಮಳೆಮರ ವಿಶಾಲವಾದ ನೆರಳನ್ನು ನೀಡುತ್ತದೆ. ಜಕರಂಡ ಮತ್ತು ಟಬೂಬಿಯಾ ಹೂಗಳು ಬೆಂಗಳೂರಿನ ವಸಂತದ ಗುರುತೇ ಆಗಿವೆ. ಪ್ರಶ್ನೆ ಇರುವುದು ಒಂದರ ಸ್ಥಾನವನ್ನು ಇನ್ನೊಂದು ಪೂರ್ಣವಾಗಿ ತುಂಬಬಲ್ಲುದೇ ಎಂಬುದರಲ್ಲಿ.

ಐತಿಹಾಸಿಕ ಹಿನ್ನೆಲೆ

ಬೆಂಗಳೂರಿನಲ್ಲಿ ಮರಗಳನ್ನು ಯೋಜಿತವಾಗಿ ಬೆಳೆಸುವ ಪರಂಪರೆ ದೀರ್ಘವಾದುದು. ಹೈದರ್ ಅಲಿಯ ಕಾಲದಲ್ಲಿ, 1760ರಲ್ಲಿ, ಲಾಲ್‌ಬಾಗ್ ತೋಟಕ್ಕೆ ಆರಂಭ ದೊರೆಯಿತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನಿಯ ಸಸ್ಯೋದ್ಯಾನ ತಜ್ಞ ಗುಸ್ತಾವ್ ಹರ್ಮನ್ ಕೃಂಬಿಗಲ್ ಅವರು, ವರ್ಷದ ಬೇರೆ ಬೇರೆ ತಿಂಗಳುಗಳಲ್ಲಿ ಒಂದರ ನಂತರ ಒಂದು ಜಾತಿ ಹೂ ಬಿಡುವಂತೆ ರಸ್ತೆ ಬದಿಯ ಮರಗಳನ್ನು ಆಯ್ದು ನೆಡಿಸುವ ಪದ್ಧತಿಯನ್ನು ರೂಢಿಗೆ ತಂದರು. ಈ ಪದ್ಧತಿಯಲ್ಲಿ ವಿದೇಶೀ ಹೂಮರಗಳಿಗೆ ಪ್ರಮುಖ ಸ್ಥಾನ ದೊರೆಯಿತು. 1980ರ ದಶಕದಲ್ಲಿ ಅರಣ್ಯ ಇಲಾಖೆಯ ಅಧಿಕಾರಿ ಎಸ್.ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು. ಇಂದು ನಗರದ ಹಳೆಯ ಬಡಾವಣೆಗಳಲ್ಲಿ ಕಾಣುವ ಹಸಿರಿನ ಗಣನೀಯ ಭಾಗ ಆ ಕಾರ್ಯಕ್ರಮದ ಫಲ.

ಉದ್ಯಾನಗಳು ಹಾಗೂ ರಸ್ತೆಗಳಲ್ಲಿ ಹೀಗೆ ಮರಗಳನ್ನು ನೆಟ್ಟು ಬೆಳೆಸಿದರೆ, ಸುತ್ತಲಿನ ಗ್ರಾಮಗಳಲ್ಲಿ ಕಟ್ಟೆಯ ಮರಗಳು ಹಾಗೂ ತೋಪುಗಳು ಸಮುದಾಯದ ರಕ್ಷಣೆಯಲ್ಲಿ ಇದ್ದವು. 2007ರಲ್ಲಿ 7 ನಗರಸಭೆಗಳು, 1 ಪುರಸಭೆ ಹಾಗೂ 110 ಗ್ರಾಮಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. 2025ರಲ್ಲಿ ಆ ಪಾಲಿಕೆಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಹಾಗೂ ಅದರಡಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿವೆ. ಗ್ರಾಮವು ನಗರವಾದ ಈ ಸಂದರ್ಭದಲ್ಲಿಯೇ ಗ್ರಾಮದ ಮರಗಳು ತಮ್ಮ ಹಳೆಯ ಪಾಲಕರನ್ನು ಕಳೆದುಕೊಂಡವು ಎಂಬುದು ಗಮನಾರ್ಹ.

ಪ್ರಸ್ತುತ ಸ್ಥಿತಿ

ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಟಿ.ವಿ. ರಾಮಚಂದ್ರ ಮತ್ತು ಅವರ ತಂಡವು ಉಪಗ್ರಹ ಚಿತ್ರಗಳ ಆಧಾರದಿಂದ ನಡೆಸಿದ ಅಧ್ಯಯನಗಳ ಪ್ರಕಾರ, 1973ರಿಂದ ನಾಲ್ಕು ದಶಕಗಳಿಗೂ ಮೀರಿದ ಅವಧಿಯಲ್ಲಿ ಬೆಂಗಳೂರಿನ ಸಸ್ಯಾವರಣವು ಶೇ. 88ರಷ್ಟೂ, ಜಲಾವರಣವು ಶೇ. 79ರಷ್ಟೂ ಕುಸಿದಿದೆ. ಇದೇ ತಂಡವು ಸುಮಾರು ಒಂದು ದಶಕದ ಹಿಂದೆ ನಗರದಲ್ಲಿ 14.78 ಲಕ್ಷ ಮರಗಳಿವೆ ಎಂದು ಅಂದಾಜಿಸಿತ್ತು. ಅಂದರೆ ಸುಮಾರು ಏಳು ಜನರಿಗೆ ಒಂದು ಮರ.

ಉಳಿದ ಮರಗಳ ಸ್ವರೂಪವೂ ಬದಲಾಗುತ್ತಿದೆ. ಪ್ರೊ. ಹರಿಣಿ ನಾಗೇಂದ್ರ ಮತ್ತು ದಿವ್ಯಾ ಗೋಪಾಲ್ ಅವರು 2010 ಮತ್ತು 2011ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಎರಡು ಅಂಶಗಳು ಸ್ಪಷ್ಟವಾಗಿವೆ. ಮೊದಲನೆಯದಾಗಿ, ಅಗಲವಾದ ಹಂದರವುಳ್ಳ ಹಳೆಯ ಮರಗಳು ಅಗಲ ರಸ್ತೆಗಳಲ್ಲಿ ಹೆಚ್ಚಾಗಿ ಇವೆ. ವಿಸ್ತರಣೆಗೆ ಒಳಗಾಗುವ ರಸ್ತೆಗಳೂ ಇವೇ ಆಗಿವೆ. ಹೊಸದಾಗಿ ನೆಡುತ್ತಿರುವವು ಗಿಡ್ಡ ಹಾಗೂ ಕಿರಿದಾದ ಹಂದರದ ಜಾತಿಗಳು. ಎರಡನೆಯದಾಗಿ, ನಗರದ ಉದ್ಯಾನಗಳ ಮರಗಳಲ್ಲಿ ವಿದೇಶೀ ಜಾತಿಗಳದೇ ಮೇಲುಗೈ.

ಕ್ಷೀಣತೆಗೆ ಪ್ರಮುಖ ಕಾರಣಗಳು

1. ರಸ್ತೆ ವಿಸ್ತರಣೆ ಮತ್ತು ಮೂಲಸೌಕರ್ಯ ಕಾಮಗಾರಿಗಳು

ದೇಶೀಯ ಮರಗಳ ನಷ್ಟಕ್ಕೆ ಅತ್ಯಂತ ಎದ್ದು ಕಾಣುವ ಕಾರಣ ಇದು. ಹಿಂದಿನ ಕಾಲದಲ್ಲಿ ದಾರಿಹೋಕರ ನೆರಳಿಗಾಗಿ ಹೆದ್ದಾರಿಗಳ ಇಕ್ಕೆಲಗಳಲ್ಲಿ ನೆಟ್ಟ ಸಾಲುಮರಗಳು ರಸ್ತೆ ಅಗಲವಾಗುವಾಗ ಮೊದಲು ಅಡ್ಡಬರುವ ವಸ್ತುಗಳಾಗಿ ಪರಿಣಮಿಸಿವೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಸೇತುವೆ ಯೋಜನೆಗಾಗಿ 800ಕ್ಕೂ ಹೆಚ್ಚು ಮರಗಳನ್ನು ತೆಗೆಯಬೇಕಾಗುತ್ತದೆ ಎಂಬ ಅಂಶವು 2016ರಲ್ಲಿ ವ್ಯಾಪಕ ಚರ್ಚೆಗೆ ಒಳಗಾಯಿತು. 2017ರ ಮಾರ್ಚ್‌ನಲ್ಲಿ ಆ ಯೋಜನೆಯನ್ನು ಕೈಬಿಡಲಾಯಿತು. ಮೈಸೂರಿನ ಹೈದರ್ ಅಲಿ ರಸ್ತೆಯಲ್ಲಿ 2025ರ ಏಪ್ರಿಲ್‌ನಲ್ಲಿ ವಿಸ್ತರಣೆಗಾಗಿ 40 ಮರಗಳನ್ನು ಕಡಿದದ್ದು ನಾಗರಿಕರ ಪ್ರತಿಭಟನೆಗೆ ಕಾರಣವಾಯಿತು. ಹುಲಿಕಲ್ ಮತ್ತು ಕುದೂರು ನಡುವೆ ಸಾಲುಮರದ ತಿಮ್ಮಕ್ಕನವರು ಮಕ್ಕಳಂತೆ ಬೆಳೆಸಿದ 385 ಆಲದ ಮರಗಳ ಸಾಲಿಗೂ 2019ರಲ್ಲಿ ರಸ್ತೆ ವಿಸ್ತರಣೆಯ ಆತಂಕ ಎದುರಾಗಿತ್ತು.

2. ಬೇರಿಗೆ ಮಣ್ಣು ಇಲ್ಲದಿರುವುದು

ಕೊಡಲಿಗೆ ಸಿಕ್ಕ ಮರ ಎಲ್ಲರ ಕಣ್ಣಿಗೆ ಬೀಳುತ್ತದೆ. ಬೇರು ಉಸಿರುಗಟ್ಟಿ ಸಾಯುವ ಮರ ಹಾಗಲ್ಲ. ಮರವೊಂದು ನೀರು ಹಾಗೂ ಪೋಷಕಾಂಶಗಳನ್ನು ಹೀರುವ ನವಿರಾದ ಬೇರುಗಳ ಬಹುಪಾಲು ಮಣ್ಣಿನ ಮೇಲ್ಪದರದಲ್ಲಿಯೇ ಇರುತ್ತವೆ ಮತ್ತು ಹಂದರದ ಅಂಚನ್ನೂ ದಾಟಿ ಹರಡಿರುತ್ತವೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಕಾಂಡಕ್ಕೆ ತಾಗುವಂತೆ ಕಾಂಕ್ರೀಟ್, ಡಾಂಬರು ಅಥವಾ ಟೈಲ್ಸ್ ಹಾಸಿದಾಗ ಮಳೆನೀರು ಇಂಗುವುದಿಲ್ಲ, ಗಾಳಿ ಸುಳಿಯುವುದಿಲ್ಲ, ಉದುರಿದ ಎಲೆ ಗೊಬ್ಬರವಾಗುವುದಿಲ್ಲ. ಚರಂಡಿ, ಕೇಬಲ್, ಕೊಳವೆ ಮಾರ್ಗಗಳಿಗಾಗಿ ಪದೇ ಪದೇ ಅಗೆಯುವಾಗ ಒಂದು ಪಕ್ಕದ ಆಧಾರ ಬೇರುಗಳು ತುಂಡಾಗುತ್ತವೆ. ನೆಲಮಾಳಿಗೆಗಾಗಿ ನಿವೇಶನದ ಅಂಚಿನವರೆಗೂ ತೋಡುವುದರಿಂದ ಪಕ್ಕದ ರಸ್ತೆಯ ಮರಕ್ಕೂ ಹಾನಿಯಾಗುತ್ತದೆ.

ಇಂತಹ ಮರ ತಕ್ಷಣ ಸಾಯುವುದಿಲ್ಲ. ಮೊದಲು ತುದಿಯ ರೆಂಬೆಗಳು ಒಣಗುತ್ತವೆ, ಎಲೆಗಳು ಚಿಕ್ಕದಾಗುತ್ತವೆ, ಹಲವು ವರ್ಷಗಳ ನಂತರ ಬಿರುಗಾಳಿಯೊಂದಕ್ಕೆ ಮರ ಉರುಳುತ್ತದೆ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111 ಮಿ.ಮೀ. ಮಳೆ ಸುರಿಯಿತು, ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ ಇದು 133 ವರ್ಷಗಳ ದಾಖಲೆ. ಆ ದಿನ ನಗರದ ಹಲವೆಡೆ ಮರಗಳು ಬಿದ್ದವು. ಇಂತಹ ಘಟನೆಗಳಲ್ಲಿ ಮರವೇ ಅಪಾಯಕಾರಿ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಬಿದ್ದ ಮರದ ಬೇರಿನ ಸ್ಥಿತಿಯನ್ನು ಪರಿಶೀಲಿಸದೆ ಬರುವ ಆ ತೀರ್ಮಾನವು, ಪಕ್ಕದಲ್ಲಿರುವ ಗಟ್ಟಿಮುಟ್ಟಾದ ಮರವನ್ನೂ ಕಡಿಯಲು ಕಾರಣವಾಗುತ್ತದೆ.

ದೆಹಲಿಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2013ರ ಏಪ್ರಿಲ್‌ನಲ್ಲಿ, ಮರದ ಸುತ್ತ ಒಂದು ಮೀಟರ್ ವ್ಯಾಪ್ತಿಯಲ್ಲಿರುವ ಕಾಂಕ್ರೀಟನ್ನು ತೆಗೆಯುವಂತೆ ಆದೇಶಿಸಿತು. ಸಮಸ್ಯೆ ಬೆಂಗಳೂರಿಗಷ್ಟೇ ಸೀಮಿತವಲ್ಲ ಎಂಬುದಕ್ಕೆ ಇದು ನಿದರ್ಶನ.

3. ಅಂತರ್ಜಲದ ಕುಸಿತ

ಕೆರೆಗಳ ಒತ್ತುವರಿ ಹಾಗೂ ಕೊಳವೆಬಾವಿಗಳ ಹೆಚ್ಚಳದಿಂದ ಅಂತರ್ಜಲ ಮಟ್ಟ ಆಳಕ್ಕೆ ಇಳಿದಿದೆ. 2024ರ ಬೇಸಿಗೆಯಲ್ಲಿ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿದ್ದನ್ನು ಸ್ಮರಿಸಬಹುದು. ಕೆರೆಯ ತೇವವನ್ನು ಆಶ್ರಯಿಸಿ ಬೆಳೆದ ಅತ್ತಿ, ನೇರಳೆ ಮತ್ತು ಹೊಂಗೆ ಮರಗಳಿಗೆ ಕೆರೆಯ ನಷ್ಟವು ನೇರವಾದ ಪೆಟ್ಟು. ಮೇಲಿನಿಂದ ನೀರು ಇಂಗದೆ, ಕೆಳಗಿನ ನೀರೂ ಎಟುಕದೆ, ವಯಸ್ಸಾದ ಮರ ಎರಡು ಕಡೆಯಿಂದಲೂ ಬಾಯಾರುತ್ತದೆ.

4. ಅವೈಜ್ಞಾನಿಕ ಕತ್ತರಿಸುವಿಕೆ ಮತ್ತು ಗಾಯಗಳು

ವಿದ್ಯುತ್ ತಂತಿಗಳಿಗೆ ತಾಗುತ್ತದೆ ಎಂಬ ಕಾರಣಕ್ಕೆ ಮರದ ಒಂದು ಪಾರ್ಶ್ವವನ್ನು ಮಾತ್ರ ಸವರುವುದರಿಂದ ಭಾರ ಇನ್ನೊಂದು ಕಡೆಗೆ ವಾಲುತ್ತದೆ. ಕಟ್ಟಡದ ಕಡೆಗಿನ ರೆಂಬೆಗಳನ್ನೂ ರಸ್ತೆಯ ಕಡೆಗಿನ ಬೇರುಗಳನ್ನೂ ಕಳೆದುಕೊಂಡ ಮರ ಎಷ್ಟು ಕಾಲ ನಿಲ್ಲಬಲ್ಲುದು ಎಂಬುದನ್ನು ಊಹಿಸಬಹುದು. ಜಾಹೀರಾತು ಫಲಕಗಳಿಗಾಗಿ ಹೊಡೆಯುವ ಮೊಳೆ, ಕಾಂಡಕ್ಕೆ ಬಿಗಿದ ತಂತಿ, ದೀಪಾಲಂಕಾರದ ಸರ, ಬುಡದಲ್ಲಿ ಸುಡುವ ಕಸ ಇವು ಮರದ ತೊಗಟೆಗೆ ಗಾಯ ಮಾಡುತ್ತವೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ತಲಪುವುದು ತೊಗಟೆಯ ಒಳಪದರದ ಮೂಲಕವೇ ಆದುದರಿಂದ, ಕಾಂಡದ ಸುತ್ತ ಬಿಗಿದ ತಂತಿಯೊಂದು ಕಾಲಕ್ರಮದಲ್ಲಿ ಇಡೀ ಮರವನ್ನು ಕೊಲ್ಲಬಹುದು.

5. ರೋಗ ಮತ್ತು ಪರಾವಲಂಬಿ ಸಸ್ಯಗಳು

ಗಾಯಗೊಂಡು ಬಳಲಿದ ಮರವನ್ನು ಶಿಲೀಂಧ್ರಗಳು, ಗೆದ್ದಲು ಮತ್ತು ಕಾಂಡಕೊರಕಗಳು ಸುಲಭವಾಗಿ ಆಕ್ರಮಿಸುತ್ತವೆ. ಬೇವಿನ ಮರದ ರೆಂಬೆಗಳು ತುದಿಯಿಂದ ಒಣಗುತ್ತ ಬರುವ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಮೈಸೂರು ವಿಶ್ವವಿದ್ಯಾನಿಲಯದ ಸಂಶೋಧಕರು 1997ರಲ್ಲಿ ಹೊಸ ಪ್ರಭೇದವೆಂದು ವಿವರಿಸಿದರು. ಮಾವು, ಹೊಂಗೆ ಮುಂತಾದ ಮರಗಳ ಮೇಲೆ ಬೆಳೆಯುವ ಬಂದಳಿಕೆ ಅಥವಾ ಬದನಿಕೆ ಆಶ್ರಯ ಮರದ ರಸವನ್ನು ಹೀರುತ್ತದೆ. ಸಕಾಲದಲ್ಲಿ ಆ ರೆಂಬೆಗಳನ್ನು ತೆಗೆಯದಿದ್ದಲ್ಲಿ ಮರ ಕ್ಷೀಣಿಸುತ್ತದೆ. ಬೆಂಗಳೂರಿನ ಹೊರವಲಯದ ದೊಡ್ಡ ಆಲದ ಮರವು ಸುಮಾರು 3 ಎಕರೆ ಪ್ರದೇಶದಲ್ಲಿ ಹಬ್ಬಿದ್ದು, ಅದರ ಮೂಲ ಕಾಂಡ ರೋಗಕ್ಕೆ ತುತ್ತಾಗಿ ನಾಶವಾಗಿದೆ. ಆದರೂ ಬಿಳಲುಗಳು ನೆಲಕ್ಕೆ ಇಳಿಯಲು ತೆರೆದ ಮಣ್ಣು ಇದ್ದುದರಿಂದ ಮರ ಉಳಿದಿದೆ. ಕಾಲುದಾರಿಯ ಮೇಲೆ ನಿಂತ ಆಲದ ಮರಕ್ಕೆ ಈ ಅವಕಾಶವಿಲ್ಲ. ಅದರ ಬಿಳಲುಗಳನ್ನು ನೆಲ ಮುಟ್ಟುವ ಮೊದಲೇ ಕತ್ತರಿಸಲಾಗುತ್ತದೆ.

6. ಸಹಜ ಪುನರುತ್ಪತ್ತಿ ನಿಂತುಹೋಗಿರುವುದು

ಮೇಲಿನ ಕಾರಣಗಳಿಗಿಂತ ಇದು ಕಡಿಮೆ ಚರ್ಚೆಗೆ ಬಂದಿದ್ದರೂ ದೂರಗಾಮಿ ಪರಿಣಾಮವುಳ್ಳದ್ದು. ಆಲ, ಅರಳಿ, ಅತ್ತಿಗಳ ಬೀಜಗಳನ್ನು ಪಕ್ಷಿಗಳು ಹಾಗೂ ಬಾವಲಿಗಳು ಹರಡುತ್ತವೆ. ಈ ಬೀಜಗಳು ಮೊಳೆಯುವುದು ಮರದ ಪೊಟರೆ, ಗೋಡೆಯ ಬಿರುಕು ಅಥವಾ ಬಂಡೆಯ ಸಂದುಗಳಲ್ಲಿ. ನಗರದಲ್ಲಿ ಹೀಗೆ ಹುಟ್ಟಿದ ಸಸಿಯನ್ನು ಕಟ್ಟಡಕ್ಕೆ ಅಪಾಯವೆಂದು ಕಿತ್ತುಹಾಕುವುದು ಅನಿವಾರ್ಯ. ನೇರಳೆ, ಮಾವು, ಹೊಂಗೆಯ ಬೀಜಗಳು ಬುಡದಲ್ಲಿ ಬಿದ್ದರೂ ಕಾಂಕ್ರೀಟಿನ ಮೇಲೆ ಒಣಗುತ್ತವೆ ಅಥವಾ ಮುಂಜಾನೆಯ ಪೊರಕೆಗೆ ಸಿಕ್ಕಿ ಕಸದ ಗಾಡಿ ಸೇರುತ್ತವೆ. ಉದ್ಯಾನಗಳಲ್ಲಿ ಹುಲ್ಲುಹಾಸು ಕತ್ತರಿಸುವ ಯಂತ್ರವು ಮೊಳಕೆಗಳನ್ನೂ ಕತ್ತರಿಸುತ್ತದೆ.

ಇದರ ಫಲವಾಗಿ ನಗರದಲ್ಲಿ ದೇಶೀಯ ಮರಗಳ ಅಜ್ಜ-ಅಜ್ಜಿಯರು ಇದ್ದಾರೆ, ಮೊಮ್ಮಕ್ಕಳಿಲ್ಲ. ಯಾರೂ ಒಂದೇ ಒಂದು ಮರವನ್ನು ಕಡಿಯದಿದ್ದರೂ, ಈಗಿರುವ ಮರಗಳು ವಯೋಸಹಜವಾಗಿ ಅಳಿದಾಗ ಆ ಜಾಗ ಖಾಲಿಯಾಗುತ್ತದೆ. ಆದ್ದರಿಂದ ಮರ ಕಡಿಯುವುದನ್ನು ತಡೆಯುವುದೊಂದೇ ಸಂರಕ್ಷಣೆಯಾಗಲಾರದು.

7. ಸಸಿಗಳ ಆಯ್ಕೆಯಲ್ಲಿನ ಒಲವು

ಬೇಗ ಬೆಳೆಯುವ, ದನಕರುಗಳು ತಿನ್ನದ, ಕಿರಿದಾದ ಜಾಗದಲ್ಲಿ ಹಿಡಿಸುವ, ಹಣ್ಣು ಉದುರಿಸಿ ಕಾಲುದಾರಿಯನ್ನು ಕೊಳಕು ಮಾಡದ, ಹೂವಿನಿಂದ ಆಕರ್ಷಿಸುವ ಜಾತಿಗಳಿಗೆ ಸಸ್ಯಪಾಲನಾ ಕ್ಷೇತ್ರಗಳಲ್ಲಿ ಬೇಡಿಕೆ ಹೆಚ್ಚು. ಆಲ, ಗೋಣಿ, ಇಪ್ಪೆಗಳಿಗೆ ಈ ಗುಣಗಳಿಲ್ಲ. ನೇರಳೆ ಹಣ್ಣಿನ ಕಲೆ ವಾಹನದ ಮೇಲೆ ಬೀಳುತ್ತದೆ, ಅತ್ತಿಯ ಹಣ್ಣಿಗೆ ನೊಣ ಬರುತ್ತದೆ, ಬಾವಲಿಗಳು ಗಲಾಟೆ ಮಾಡುತ್ತವೆ ಎಂಬ ದೂರುಗಳೂ ಸಾಮಾನ್ಯ. ಹೀಗಾಗಿ ಕಡಿದ ಆಲದ ಲೆಕ್ಕಕ್ಕೆ ನೆಟ್ಟ ಸಸಿ ಟಬೂಬಿಯಾ ಆಗಿದ್ದರೂ ಪಟ್ಟಿಯಲ್ಲಿ ಎರಡೂ ಒಂದೊಂದು ಮರಗಳೇ.

ಪರಿಣಾಮಗಳು

ಹರಿಣಿ ನಾಗೇಂದ್ರ ಮತ್ತು ಸಹೋದ್ಯೋಗಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಂಗಳೂರಿನ ಮರಗಳಿರುವ ರಸ್ತೆಗಳಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆಯು ಮರಗಳಿಲ್ಲದ ರಸ್ತೆಗಳಿಗಿಂತ ಗರಿಷ್ಠ 5.6 ಡಿಗ್ರಿ ಸೆಲ್ಸಿಯಸ್‌ನಷ್ಟೂ, ರಸ್ತೆಯ ಮೇಲ್ಮೈ ಉಷ್ಣತೆಯು ಗರಿಷ್ಠ 27.5 ಡಿಗ್ರಿಯಷ್ಟೂ ಕಡಿಮೆಯಿದ್ದುದು ಕಂಡುಬಂದಿತು. ಬೀದಿಬದಿ ವ್ಯಾಪಾರಿಗಳು, ಪೌರಕಾರ್ಮಿಕರು, ಬಸ್ಸಿಗಾಗಿ ಕಾಯುವವರು, ಆಟೋ ಚಾಲಕರು ಮುಂತಾಗಿ ದಿನವನ್ನು ಹೊರಗೆ ಕಳೆಯುವವರಿಗೆ ಈ ವ್ಯತ್ಯಾಸವು ಆರೋಗ್ಯದ ಪ್ರಶ್ನೆ.

ಇಲ್ಲಿ ಜಾತಿಯ ಆಯ್ಕೆಯೂ ಮುಖ್ಯವಾಗುತ್ತದೆ. ಹೊಂಗೆ ಮತ್ತು ಅರಳಿಗಳು ಬೇಸಿಗೆ ಏರುವ ಹೊತ್ತಿಗೆ ಹೊಸ ಚಿಗುರು ತುಂಬಿಕೊಂಡು ನಿಲ್ಲುತ್ತವೆ. ಜಕರಂಡ, ಟಬೂಬಿಯಾ ಮತ್ತು ಗುಲ್‌ಮೊಹರ್ ಮರಗಳು ಹೂ ಬಿಡುವ ಮುನ್ನ ಎಲೆ ಕಳೆದುಕೊಂಡಿರುತ್ತವೆ. ನೋಟಕ್ಕೆ ಅವು ಸೊಗಸು. ನೆರಳು ಬೇಕಾದ ತಿಂಗಳಲ್ಲಿ ನೆರಳು ಕಡಿಮೆ.

ವನ್ಯಜೀವಿಗಳಿಗೂ ಈ ನಷ್ಟ ತಟ್ಟುತ್ತದೆ. ಅತ್ತಿಯ ವರ್ಗದ ಒಂದೊಂದು ಜಾತಿಗೂ ಪರಾಗಸ್ಪರ್ಶಕ್ಕೆ ತನ್ನದೇ ಆದ ಕಣಜವಿರುತ್ತದೆ. ಬೇರೆ ಬೇರೆ ಮರಗಳು ಬೇರೆ ಬೇರೆ ಸಮಯದಲ್ಲಿ ಫಲ ಬಿಡುವುದರಿಂದ, ಇತರ ಹಣ್ಣುಗಳು ಇಲ್ಲದ ತಿಂಗಳುಗಳಲ್ಲಿಯೂ ಕುಟ್ರಹಕ್ಕಿ, ಕೋಗಿಲೆ, ಮೈನಾ, ಬಾವಲಿ, ಅಳಿಲುಗಳಿಗೆ ಆಹಾರ ದೊರೆಯುತ್ತದೆ. ಬೆಂಗಳೂರಿನ ಕೆಲವೆಡೆ ಇಂದಿಗೂ ಉಳಿದಿರುವ ಕಾಡುಪಾಪವು ಕೊಂಬೆಯಿಂದ ಕೊಂಬೆಗೆ ಸಾಗುವ ಪ್ರಾಣಿ. ಹಂದರದಲ್ಲಿ ಬಿರುಕು ಬಿದ್ದಲ್ಲಿ ಅದರ ದಾರಿಯೇ ಮುಚ್ಚುತ್ತದೆ.

ಕಾನೂನಿನ ಚೌಕಟ್ಟು

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ನಗರ ಪ್ರದೇಶಗಳಲ್ಲಿ ವೃಕ್ಷ ಅಧಿಕಾರಿಯ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ. ಖಾಸಗಿ ನಿವೇಶನದಲ್ಲಿರುವ ಮರಗಳಿಗೂ ಇದು ಅನ್ವಯಿಸುತ್ತದೆ. ಸಿಲ್ವರ್ ಓಕ್, ನೀಲಗಿರಿ, ಸರ್ವೆ, ಸುಬಾಬುಲ್‌ನಂತಹ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. 50ಕ್ಕಿಂತ ಹೆಚ್ಚು ಮರಗಳನ್ನು ತೆಗೆಯಬೇಕಾದ ಯೋಜನೆಗಳಲ್ಲಿ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆಗಳನ್ನು ಪರಿಗಣಿಸಬೇಕು. ಮರಗಳ ಗಣತಿ ನಡೆಸುವುದು ಕಾಯ್ದೆಯಡಿ ವೃಕ್ಷ ಪ್ರಾಧಿಕಾರದ ಕರ್ತವ್ಯಗಳಲ್ಲಿ ಒಂದಾಗಿದ್ದು, ಕರ್ನಾಟಕ ಉಚ್ಚ ನ್ಯಾಯಾಲಯವೂ ಬೆಂಗಳೂರಿನ ಮರಗಣತಿಯ ಅಗತ್ಯವನ್ನು ಒತ್ತಿಹೇಳಿದೆ.

ಕಾಯ್ದೆಯು ಮುಖ್ಯವಾಗಿ ಕಡಿಯುವ ಕ್ರಿಯೆಯನ್ನು ನಿಯಂತ್ರಿಸುತ್ತದೆ. ಮೇಲೆ ವಿವರಿಸಿದಂತೆ, ಕಡಿಯದೆಯೇ ಸಾಯುವ ಮರಗಳ ಪ್ರಶ್ನೆಗೆ ಉತ್ತರವು ಅನುಮತಿ ಪತ್ರಗಳಲ್ಲಿ ದೊರೆಯುವುದಿಲ್ಲ. ಅದು ರಸ್ತೆ, ಚರಂಡಿ ಮತ್ತು ಕಾಲುದಾರಿಗಳ ವಿನ್ಯಾಸದಲ್ಲಿ ದೊರೆಯಬೇಕು.

ಪರಿಹಾರದ ದಾರಿ

• ಗಣತಿಯಲ್ಲಿ ಮರಗಳ ಸಂಖ್ಯೆಯ ಜೊತೆಗೆ ಜಾತಿ, ಸುತ್ತಳತೆ, ಹಂದರದ ವಿಸ್ತಾರ ಮತ್ತು ಬೇರಿನ ಸುತ್ತಲಿನ ತೆರೆದ ಮಣ್ಣಿನ ಅಳತೆಯನ್ನೂ ದಾಖಲಿಸುವುದು.

• ಕಳೆದುಹೋದ ಮರಕ್ಕೆ ಪರ್ಯಾಯವನ್ನು ಸಸಿಗಳ ಸಂಖ್ಯೆಯ ಬದಲಾಗಿ ಹಂದರದ ವಿಸ್ತಾರದಲ್ಲಿ ಅಳೆಯುವುದು ಮತ್ತು ಐದು ವರ್ಷಗಳ ನಂತರ ಬದುಕುಳಿದ ಸಸಿಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು.

• ಆಲ, ಗೋಣಿ, ಅತ್ತಿಗಳಂತಹ ದೊಡ್ಡ ಮರಗಳಿಗೆ ಕೆರೆಯಂಗಳ, ಉದ್ಯಾನ, ಶಾಲಾ-ಕಾಲೇಜು ಆವರಣ ಹಾಗೂ ಉಳಿದಿರುವ ಗುಂಡುತೋಪುಗಳನ್ನು ಮೀಸಲಿಡುವುದು. ಕಿರಿದಾದ ರಸ್ತೆಗಳಿಗೆ ಕಕ್ಕೆ, ಹೊಳೆದಾಸವಾಳದಂತಹ ಮಧ್ಯಮ ಗಾತ್ರದ ದೇಶೀಯ ಮರಗಳನ್ನು ಆಯ್ದುಕೊಳ್ಳುವುದು.

• ಗುಂಡುತೋಪುಗಳ ಗಡಿಯನ್ನು ಕಂದಾಯ ದಾಖಲೆಗಳ ಆಧಾರದಲ್ಲಿ ಗುರುತಿಸಿ, ಒತ್ತುವರಿಯಿಂದ ರಕ್ಷಿಸುವುದು.

• ರಸ್ತೆ ಕಾಮಗಾರಿಯ ಅಂದಾಜುಪಟ್ಟಿಯಲ್ಲಿಯೇ ಮರದ ಬುಡದ ತೆರೆದ ಜಾಗಕ್ಕೆ ಅವಕಾಶ ಕಲ್ಪಿಸುವುದು.

ಸಾರ್ವಜನಿಕರ ಪಾತ್ರ

ಸಾರ್ವಜನಿಕರು ತಮ್ಮ ಮನೆಯ ಮುಂದಿನ ಮರದ ಸುತ್ತ ಕನಿಷ್ಠ ಒಂದು ಮೀಟರ್ ಜಾಗವನ್ನು ಮಣ್ಣಾಗಿಯೇ ಬಿಡುವುದು, ಕಾಂಡಕ್ಕೆ ಮೊಳೆ ಹೊಡೆಯದಿರುವುದು ಹಾಗೂ ತಂತಿ ಬಿಗಿಯದಿರುವುದು, ಬುಡದಲ್ಲಿ ಕಸ ಸುಡದಿರುವುದು, ಬೇಸಿಗೆಯಲ್ಲಿ ಎಳೆಯ ಸಸಿಗಳಿಗೆ ನೀರುಣಿಸುವುದು ಅತ್ಯಂತ ಅಗತ್ಯ. ಗೋಡೆಯಲ್ಲಿ ಮೊಳೆತ ಅರಳಿ ಅಥವಾ ಆಲದ ಸಸಿಯನ್ನು ಕಿತ್ತು ಎಸೆಯುವ ಬದಲು, ಬೇರು ಸಹಿತ ಬಿಡಿಸಿ ಕುಂಡದಲ್ಲಿ ಬೆಳೆಸಿ, ಸೂಕ್ತ ವಿಶಾಲ ಜಾಗದಲ್ಲಿ ನೆಡಬಹುದಾಗಿದೆ. ಆಲವು ರೆಂಬೆಯ ತುಂಡಿನಿಂದಲೂ ಬೇರೂರಬಲ್ಲುದು. ಅನುಮತಿಯಿಲ್ಲದೆ ಮರ ಕಡಿಯುತ್ತಿರುವುದು ಕಂಡುಬಂದಲ್ಲಿ ಆಯಾ ನಗರ ಸ್ಥಳೀಯ ಸಂಸ್ಥೆಯ ವೃಕ್ಷ ಅಧಿಕಾರಿಗೆ ತಿಳಿಸಬೇಕೆಂದೂ, ಸಾರ್ವಜನಿಕ ಪ್ರಕಟಣೆ ಹೊರಟ ಸಂದರ್ಭದಲ್ಲಿ ನಿಗದಿತ ಅವಧಿಯೊಳಗೆ ಲಿಖಿತ ಅಭಿಪ್ರಾಯ ಸಲ್ಲಿಸಬೇಕೆಂದೂ ಕೋರಲಾಗಿದೆ.

ಉಪಸಂಹಾರ

ಆಲದ ಮರವೊಂದು ಪೂರ್ಣ ಹಂದರ ಬೆಳೆಸಲು ಹಲವು ದಶಕಗಳು ಬೇಕು. ಇಂದು ನಿಂತಿರುವ ಮರವನ್ನು ಉಳಿಸಿಕೊಳ್ಳುವುದು ಈ ಕಾರಣದಿಂದ ಮೊದಲ ಆದ್ಯತೆ. ಅದರ ಉತ್ತರಾಧಿಕಾರಿಯನ್ನು ಇಂದೇ ನೆಡುವುದು ಎರಡನೆಯದು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟಲ್ಲಿ ನಷ್ಟ ಮುಂದೂಡಲ್ಪಡುತ್ತದೆಯೇ ಹೊರತು ತಪ್ಪುವುದಿಲ್ಲ. ನೆಟ್ಟ ಸಸಿಗಳ ವಾರ್ಷಿಕ ಲೆಕ್ಕದ ಜೊತೆಗೆ, ಉಳಿದ ದೊಡ್ಡ ಮರಗಳ ಲೆಕ್ಕವನ್ನೂ ಪ್ರತಿ ವರ್ಷ ಪ್ರಕಟಿಸುವಂತಾದಲ್ಲಿ ನಗರದ ಹಸಿರಿನ ನಿಜವಾದ ಸ್ಥಿತಿ ಎಲ್ಲರಿಗೂ ತಿಳಿಯುತ್ತದೆ.